ಹತ್ತು ದಾಟಿದ ಬೆಕ್ಕಿಗೆ ಏನೇನು ಕಾಯಿಲೆ?

ಉಡುಪಿ, ಕುಂದಾಪುರದ ಕಡೆಯ ಮನೆಗಳಲ್ಲಿ ಬೆಕ್ಕಿಗೆ ಮುಪ್ಪು ಬಂದದ್ದನ್ನು ಕಂಡವರು ಕಡಿಮೆ. ಅಟ್ಟ, ಕೊಟ್ಟಿಗೆ, ತೋಟ ಎಂದು ತಿರುಗುತ್ತಿದ್ದ ಬೆಕ್ಕು ಒಂದು ದಿನ ಮನೆಗೆ ಬರುವುದನ್ನೇ ಬಿಡುತ್ತಿತ್ತು, ಅಷ್ಟೇ. ಡೊಂಬಿವಲಿಯ ನಾಲ್ಕನೇ ಮಾಳಿಗೆಯಲ್ಲಿ, ಕಿಟಕಿಗೆ ಜಾಲರಿ ಬಿಗಿದ ಫ್ಲ್ಯಾಟಿನಲ್ಲಿ, ಅದೇ ಬೆಕ್ಕು ಹದಿನೈದು ವರ್ಷ ಬಾಳುವುದುಂಟು. ನಾಯಿಯ ಬಾಯಿಗೂ ಬೀಳುವುದಿಲ್ಲ, ಗಾಡಿಯಡಿಗೂ ಸಿಕ್ಕುವುದಿಲ್ಲ. ಹಾಗಾಗಿ ಥಾಣೆ, ಕಲ್ಯಾಣ್, ನವಿಮುಂಬಯಿಯ ನಮ್ಮವರ ಮನೆಗಳಲ್ಲಿ ಹಿಂದಿನ ತಲೆಮಾರು ಕೇಳಿಯೇ ಇರದ ಪ್ರಶ್ನೆಗಳು ಏಳುತ್ತಿವೆ: ಇದೇಕೆ ಇಷ್ಟು ನೀರು ಕುಡಿಯುತ್ತದೆ? ಇಷ್ಟು ತಿಂದೂ ಯಾಕೆ ಸೊರಗುತ್ತದೆ? ನಡುರಾತ್ರಿ ಯಾಕೆ ಅರಚುತ್ತದೆ? ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವವರೇ ಹೆಚ್ಚು. ಆದರೆ ಈ ಮೂರಕ್ಕೂ ಬಹುಮಟ್ಟಿಗೆ ರಕ್ತ, ಮೂತ್ರ, ಬಿಪಿ ಪರೀಕ್ಷೆಯಲ್ಲಿ ಕಾರಣ ಸಿಗುತ್ತದೆ, ಹೆಚ್ಚಿನವಕ್ಕೆ ಔಷಧವೂ ಇದೆ.

ಮೊದಲು ಅನುಮಾನಿಸಬೇಕಾದದ್ದು ಕಿಡ್ನಿಯನ್ನು. ಹತ್ತು ದಾಟಿದ ಬೆಕ್ಕುಗಳಲ್ಲಿ ಸುಮಾರು ಮೂರರಲ್ಲೊಂದಕ್ಕೆ ಈ ತೊಂದರೆ ಬರುತ್ತದೆ. ಕಿಡ್ನಿಯ ಶೋಧಕ ಘಟಕಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಉಳಿದವು ಅವುಗಳ ಕೆಲಸವನ್ನೂ ಮೈಮೇಲೆ ಎಳೆದುಕೊಳ್ಳುವುದರಿಂದ ಬಹಳ ಕಾಲ ಹೊರಗೆ ಏನೂ ಕಾಣುವುದಿಲ್ಲ. ಮೂರನೇ ಎರಡು ಪಾಲು ಕೆಟ್ಟಾಗ ಮೂತ್ರವನ್ನು ಸಾಂದ್ರಗೊಳಿಸಿ ನೀರು ಉಳಿಸುವ ಶಕ್ತಿ ಹೋಗುತ್ತದೆ. ಆಗ ನೀರೆಲ್ಲ ಮೂತ್ರವಾಗಿ ಹೊರಬೀಳುತ್ತದೆ, ಅದನ್ನು ತುಂಬಿಕೊಳ್ಳಲು ಬೆಕ್ಕು ಬಟ್ಟಲಿನ ಬಳಿಗೆ ಮತ್ತೆ ಮತ್ತೆ ಹೋಗುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್ ಏರುವುದು ಇನ್ನೂ ತಡವಾಗಿ, ಸುಮಾರು ಮುಕ್ಕಾಲು ಪಾಲು ಹೋದ ಮೇಲೆ. ಅಂದರೆ ಲ್ಯಾಬಿನ ಕಾಗದಕ್ಕಿಂತ ಮುಂಚೆ ಲಿಟರ್ ಟ್ರೇಯಲ್ಲಿ ದೊಡ್ಡದಾಗುತ್ತಿರುವ ಉಂಡೆಗಳೇ ಸುದ್ದಿ ಕೊಡುತ್ತವೆ. ಬೇಗ ಹಿಡಿಯಬೇಕೆಂದರೆ ಎಸ್‌ಡಿಎಂಎ ಎಂಬ ರಕ್ತಪರೀಕ್ಷೆಯನ್ನೂ ಮೂತ್ರದ ಸಾಂದ್ರತೆಯನ್ನೂ ಕೇಳಿ ಮಾಡಿಸಬೇಕು. ಸಾಂದ್ರತೆ 1.035ಕ್ಕಿಂತ ಕೆಳಗಿದ್ದರೆ ವೈದ್ಯರು ಮುಂದಕ್ಕೆ ಹುಡುಕುತ್ತಾರೆ.

ಮನೆಯಲ್ಲೇ ನೀರು ಅಳೆಯಬಹುದು. ಬೆಳಿಗ್ಗೆ ಅಳೆದು ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ನಾಲ್ಕು ಕಿಲೋ ಬೆಕ್ಕು ದಿನಕ್ಕೆ 200 ಮಿ.ಲೀ. ಮೀರಿ ಕುಡಿದರೆ ಡಾಕ್ಟರಿಗೆ ತೋರಿಸಿ. ಕಿಡ್ನಿ ಕೆಟ್ಟಿದೆ ಎಂದು ಗೊತ್ತಾದ ಮೇಲೆ ಮುಖ್ಯ ಮದ್ದೇ ಊಟ. ರಂಜಕ ಕಡಿಮೆ ಇರುವ, ನೀರಿನಂಶ ಹೆಚ್ಚಿರುವ ಆಹಾರ ಕೊಡಬೇಕು. ಊರಿನಿಂದ ಬಂದ ಒಣಮೀನಿನ ಚೂರನ್ನು ಪ್ರೀತಿಯಿಂದ ಹಾಕುವ ಅಜ್ಜಿಯಂದಿರನ್ನು ತಡೆಯುವುದೇ ಈ ಚಿಕಿತ್ಸೆಯ ಕಷ್ಟದ ಭಾಗ. ರೋಗ ಮುಂದುವರಿದಾಗ ಚರ್ಮದಡಿಗೆ ರಿಂಗರ್ ಲ್ಯಾಕ್ಟೇಟ್ ದ್ರವ ಕೊಡುತ್ತಾರೆ. ವೈದ್ಯರು ಒಮ್ಮೆ ಕಲಿಸಿಕೊಟ್ಟರೆ ಮನೆಯವರೇ ಕೊಡಬಹುದು.

ಚೆನ್ನಾಗಿ ತಿಂದೂ ತೂಕ ಇಳಿಯುತ್ತಿದ್ದರೆ ಥೈರಾಯ್ಡ್ ಅತಿಯಾಗಿರಬಹುದು, ಸಕ್ಕರೆ ಕಾಯಿಲೆಯೂ ಇರಬಹುದು. ಥೈರಾಯ್ಡಿಗೆ ಸಾಮಾನ್ಯವಾಗಿ ಟಿ4 ಪರೀಕ್ಷೆ ಸಾಕಾಗುತ್ತದೆ. ಸಕ್ಕರೆಯ ವಿಷಯದಲ್ಲಿ ಒಂದು ತೊಡಕಿದೆ. ಹೆದರಿದ ಬೆಕ್ಕಿಗೆ ಆರೋಗ್ಯವಾಗಿದ್ದರೂ ಶುಗರ್ ಏರುತ್ತದೆ, ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಆಟೋದಲ್ಲಿ ಕೂತ ಬೆಕ್ಕಿಗೆ ಹೆದರಿಕೆಯಾಗದೆ ಇರುತ್ತದೆಯೇ! ಅದಕ್ಕೇ ಹಿಂದಿನ ಒಂದೆರಡು ವಾರದ ಸರಾಸರಿ ತೋರಿಸುವ ಫ್ರಕ್ಟೋಸಮೈನ್ ಪರೀಕ್ಷೆ ಬೇಕು. ಬೇಗ ಇನ್ಸುಲಿನ್ ಆರಂಭಿಸಿ, ಊಟ ಸರಿಪಡಿಸಿದರೆ ಕೆಲವು ಬೆಕ್ಕುಗಳಿಗೆ ಮುಂದೆ ಇನ್ಸುಲಿನ್ನಿನ ಅಗತ್ಯವೇ ಇರುವುದಿಲ್ಲ.

ಕಿಡ್ನಿ, ಥೈರಾಯ್ಡ್ ಎರಡೂ ಬಿಪಿ ಏರಿಸುತ್ತವೆ. ನಿನ್ನೆವರೆಗೆ ಸರಿಯಿದ್ದ ಬೆಕ್ಕು ಇಂದು ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ, ಬಿಪಿಯಿಂದ ಕಣ್ಣಿನ ರೆಟಿನಾ ಕಳಚಿರಬಹುದು. ನಾಳೆ ನೋಡೋಣ ಎನ್ನದೆ ಅಂದೇ ಓಡಬೇಕು. ಬಿಪಿ ಇಳಿಸುವ ಅಮ್ಲೊಡಿಪಿನ್ ಬೇಗ ಸಿಕ್ಕಿದರೆ ಕೆಲವೊಮ್ಮೆ ದೃಷ್ಟಿ ಮರಳುತ್ತದೆ. ರಾತ್ರಿ ಅರಚುವುದಕ್ಕೂ ಬಿಪಿ, ಥೈರಾಯ್ಡ್, ಕಿವುಡು, ಮರೆವು ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು.

ಕೀಲುನೋವನ್ನು ನಾವು ಸೋಮಾರಿತನ ಎಂದುಕೊಳ್ಳುತ್ತೇವೆ. ಹನ್ನೆರಡು ದಾಟಿದ ಬಹುಪಾಲು ಬೆಕ್ಕುಗಳ ಎಕ್ಸ್‌ರೇಯಲ್ಲಿ ಕೀಲು ಸವೆದದ್ದು ಕಾಣುತ್ತದೆ. ಬೆಕ್ಕು ಕುಂಟುವುದು ಅಪರೂಪ. ಫ್ರಿಜ್ ಮೇಲೆ ಹಾರುವುದನ್ನು ಬಿಡುತ್ತದೆ, ಟ್ರೇಯ ಅಂಚು ಎತ್ತರವಾಯಿತೆಂದು ಪಕ್ಕದಲ್ಲೇ ಉಚ್ಚೆ ಹೊಯ್ದು ಬೈಗುಳ ತಿನ್ನುತ್ತದೆ. ನೋವಿಗೆಂದು ಮನುಷ್ಯರ ಪ್ಯಾರಸಿಟಮಾಲ್ ಮಾತ್ರ ಕೊಡಲೇಬೇಡಿ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ, ಅರ್ಧ ಮಾತ್ರೆಯೂ ಕೊಲ್ಲಬಹುದು. ಬಾಯಿ ವಾಸನೆ, ಒಂದೇ ಬದಿಯಲ್ಲಿ ಅಗಿಯುವುದು ಹಲ್ಲಿನ ತೊಂದರೆ.

ಹತ್ತರ ನಂತರ ಆರು ತಿಂಗಳಿಗೊಮ್ಮೆ ತಪಾಸಣೆ, ತಿಂಗಳಿಗೊಮ್ಮೆ ಮನೆಯಲ್ಲಿ ತೂಕ. ಬುಟ್ಟಿಯಲ್ಲಿ ಕೂರಿಸಿ ಡಿಜಿಟಲ್ ಅಡುಗೆ ತಕ್ಕಡಿಯ ಮೇಲಿಟ್ಟರೆ ಆಯಿತು, ಅದು ಅಷ್ಟು ಭಾರ ತಾಳುವಂತಿರಬೇಕು. ನಾಲ್ಕು ಕಿಲೋದಲ್ಲಿ 400 ಗ್ರಾಂ ಇಳಿದರೆ ಮೈಯ ಹತ್ತನೇ ಒಂದು ಪಾಲು ಹೋದಂತೆ. ಕೈಯಲ್ಲಿ ಎತ್ತಿದರೆ ಅದು ತಿಳಿಯುವುದಿಲ್ಲ. ರಕ್ತ ಪರೀಕ್ಷೆಗೆ ಹತ್ತಿರದ ಕ್ಲಿನಿಕ್ಕೇ ಸಾಕು. ಅದಕ್ಕೂ ಮೀರಿದ್ದಕ್ಕೆ ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, 2024ರಲ್ಲಿ ಮಹಾಲಕ್ಷ್ಮಿಯಲ್ಲಿ ಟಾಟಾ ಟ್ರಸ್ಟ್ಸ್‌ನ ಸಾಕುಪ್ರಾಣಿ ಆಸ್ಪತ್ರೆಯೂ ತೆರೆದಿದೆ.

ಮೇ ರಜೆಗೆ ಊರಿಗೆ ಹೊರಟಾಗ ಮುದಿ ಬೆಕ್ಕನ್ನು ಪಕ್ಕದ ಮನೆಗೆ ಒಪ್ಪಿಸುವವರು ಔಷಧದ ಹೊತ್ತು, ಡಾಕ್ಟರ ನಂಬರು, ಕೊನೆಯ ಬಾರಿ ನೋಡಿದ ತೂಕ ಇಷ್ಟನ್ನು ಚೀಟಿಯಲ್ಲಿ ಬರೆದುಕೊಡಬೇಕು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ನೀವು ಬರುವವರೆಗೆ ಕಾಯದೆ ಡಾಕ್ಟರ ಬಳಿ ಒಯ್ಯಿರಿ ಎಂದೂ ಹೇಳಿ. ದಪ್ಪನೆಯ ಬೆಕ್ಕು ಎರಡು ಮೂರು ದಿನ ಉಪವಾಸ ಬಿದ್ದರೂ ಮೈಯ ಕೊಬ್ಬೆಲ್ಲ ಪಿತ್ತಜನಕಾಂಗಕ್ಕೆ ಹರಿದು ಅದು ಕೈಕೊಡಬಹುದು.