ಘಟ್ಟದ ದಾರಿಗೆ ಎಲೆಕ್ಟ್ರಿಕ್ ಎಸ್‌ಯುವಿ: ಯಾವ ಲೆಕ್ಕ ನೋಡಬೇಕು?

ಮಹೀಂದ್ರಾ ಎಕ್ಸ್‌ಇವಿ 9ಇ, 79 ಯೂನಿಟ್ ಬ್ಯಾಟರಿ. ಕಂಪನಿ ಹೇಳೋದು 656 ಕಿಲೋಮೀಟರ್. ಟಾಟಾ ಹ್ಯಾರಿಯರ್ ಇವಿ, 75 ಯೂನಿಟ್, 627 ಕಿಲೋಮೀಟರ್.

ಇವು ಪರೀಕ್ಷೆಯ ಅಂಕಿ. ಮನೆಮಂದಿ, ಲಗೇಜು, ಎಸಿ ಸಮೇತ ಹೈವೇಲಿ ಹೋಗ್ತೀರಾ? ಯೂನಿಟ್‌ಗೆ ಆರು ಕಿಲೋಮೀಟರ್ ಅಂತ ಹಿಡೀರಿ. 450ರ ಆಸುಪಾಸು.

ಬೆಂಗಳೂರಿಂದ ಮಂಗಳೂರು ಸುಮಾರು 350. ಹೋಗುವಾಗ ಶಿರಾಡಿ ಘಾಟಿಯ ಇಳಿಜಾರು. ವೇಗ ತಗ್ಗಿಸಿದಾಗೆಲ್ಲ ಮೋಟಾರೇ ಬ್ಯಾಟರಿಗೆ ಕರೆಂಟು ತುಂಬುತ್ತೆ. ಬರುವಾಗ ಹಾಗಲ್ಲ. ಎರಡೂವರೆ ಟನ್ ತೂಕವನ್ನ ಕರಾವಳಿಯಿಂದ 900 ಮೀಟರ್ ಮೇಲಕ್ಕೆ ಎತ್ತೋಕೇ ಆರು ಯೂನಿಟ್ ಬೇಕು. ಹಾಸನದಲ್ಲಿ ಊಟಕ್ಕೆ ನಿಂತಾಗ ಫಾಸ್ಟ್ ಚಾರ್ಜರ್‌ಗೆ ಹಾಕಿಬಿಡಿ, ನೆಮ್ಮದಿ.

ಆದ್ರೆ ರೇಂಜ್‌ಗಿಂತ ಮೊದಲು ನಿಮ್ಮ ಪಾರ್ಕಿಂಗ್ ನೋಡಿ. ಮಾಮೂಲಿ 15 ಆಂಪ್ ಸಾಕೆಟ್‌ನಲ್ಲಿ ಖಾಲಿ ಬ್ಯಾಟರಿ ತುಂಬೋಕೆ ಒಂದು ಹಗಲು, ಒಂದು ರಾತ್ರಿ ಬೇಕು. 7.2 ಕಿಲೋವ್ಯಾಟ್ ಚಾರ್ಜರ್ ಇದ್ರೆ ಸುಮಾರು 11 ಗಂಟೆ. ಅಪಾರ್ಟ್‌ಮೆಂಟ್ ಆದ್ರೆ ಅಸೋಸಿಯೇಷನ್ ಒಪ್ಪಿಗೆ ಪಡೆದೇ ಬುಕ್ ಮಾಡಿ.

ಇನ್ನೊಂದು, ಬ್ಯಾಟರಿ ನೆಲದಡಿ ಇರೋದ್ರಿಂದ ಹಿಂದಿನ ಸೀಟಲ್ಲಿ ಮಂಡಿ ಮೇಲೆದ್ದಿರುತ್ತೆ. ಟೆಸ್ಟ್ ಡ್ರೈವ್‌ಗೆ ಅಪ್ಪ ಅಮ್ಮನ್ನೂ ಕರ್ಕೊಂಡು ಹೋಗಿ, ಅಲ್ಲೇ ಅರ್ಧ ಗಂಟೆ ಕೂರಿಸಿ. ಅವರು ಒಪ್ಪಿದ್ರೆ ಅಡ್ವಾನ್ಸ್ ಕೊಡಿ.