ಕೊರೊನಾ ಮತ್ತೆ ಬಂದಿತ್ತೇ? ರಕ್ತದ ಆಂಟಿಬಾಡಿ ಪರೀಕ್ಷೆ ಹೇಳುವುದೇನು, ಹೇಳದಿರುವುದೇನು

ಮಳೆ ಹಿಡಿದು ಮನೆಮನೆಯಲ್ಲೂ ನೆಗಡಿ ಕೆಮ್ಮು ಶುರುವಾಯಿತೆಂದರೆ ನನ್ನ ದವಾಖಾನೆಯಲ್ಲಿ ಒಂದು ಪ್ರಶ್ನೆ ಈಗಲೂ ಕೇಳಿಬರುತ್ತದೆ: "ಡಾಕ್ಟ್ರೇ, ಹಿಂದೊಮ್ಮೆ ಕೊರೊನಾ ಬಂದಿತ್ತು. ಈಗ ಮತ್ತೆ ಬಂದಿದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತಾ?" ಗೊತ್ತಾಗುತ್ತದೆ ಎಂದರೂ ತಪ್ಪು, ಗೊತ್ತಾಗುವುದಿಲ್ಲ ಎಂದರೂ ತಪ್ಪು. ಆದ್ದರಿಂದ ಈ ತಿಂಗಳು ಅದನ್ನೇ ಬಿಡಿಸಿ ಹೇಳುತ್ತೇನೆ. ಮೊದಲಿಗೆ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು.

2021ರ ಮಳೆಗಾಲದ ಆರಂಭ, ಎರಡನೇ ಅಲೆಯ ಸಮಯ. ಎಡಕುಮೇರಿ ಕಡೆ ರೈಲು ಹಳಿಯ ಕೆಲಸಕ್ಕೆ ಹೋಗುತ್ತಿದ್ದ ಯುವಕನೊಬ್ಬ ನನ್ನಲ್ಲಿಗೆ ಬಂದ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವೆ ಕಾಡಿನೊಳಗಿರುವ ಆ ಜಾಗಕ್ಕೆ ಬಸ್ಸು ಹೋಗುವ ದಾರಿಯಿಲ್ಲ. ಕೆಲಸದವರು ಕೆಲವು ದಿನ ಅಲ್ಲೇ ಒಟ್ಟಿಗೆ ಇದ್ದು, ರಜೆ ಸಿಕ್ಕಾಗ ಮನೆಗೆ ಬರುತ್ತಾರೆ. ಈತನಿಗೆ ಹಿಂದಿನ ವರ್ಷ ಕೊರೊನಾ ಬಂದು ಹೋಗಿತ್ತು. ಈಗ ಎರಡು ದಿನದಿಂದ ಮೈಕೈ ನೋವು, ಗಂಟಲು ಕೆರೆತ. ಗಂಟಲ ದ್ರವ ಕೊಟ್ಟರೆ ಪ್ರತ್ಯೇಕವಾಗಿ ಇಟ್ಟುಬಿಡುತ್ತಾರೆ ಎಂಬ ಹೆದರಿಕೆಯಿಂದ ರಕ್ತದ ಆಂಟಿಬಾಡಿ ಪರೀಕ್ಷೆ ಮಾಡಿಸಿಕೊಂಡು ಬಂದಿದ್ದ. ಚೀಟಿಯಲ್ಲಿ 'ರಿಯಾಕ್ಟಿವ್' ಎಂದಿತ್ತು. "ನನಗೆ ಶಕ್ತಿ ಬಂದಿದೆ ಅಂತ ತಾನೇ ಅರ್ಥ?" ಎಂದು ಕೇಳಿದ. ಹೊರಗೆ ಸಾಲು ನಿಂತಿತ್ತು. ಚೀಟಿ ನೋಡಿ "ಹೌದು, ಒಳ್ಳೆಯದೇ" ಎಂದು ಜೋಶಾಂದಾ ಕೊಟ್ಟು ಕಳುಹಿಸಿದೆ.

ಅವನು ನೇರ ಉಮ್ಮನ ಮನೆಗೆ ಹೋದ. ಉಮ್ಮನಿಗೆ ಸಕ್ಕರೆ ಕಾಯಿಲೆ. ವಾರದೊಳಗೆ ಅವರನ್ನು ಹಾಸನದ ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಡಬೇಕಾಯಿತು. ಅಲ್ಲಾಹನ ಕೃಪೆಯಿಂದ ಗುಣವಾಗಿ ಮನೆಗೆ ಬಂದರು. ಸೋಂಕು ಮಗನಿಂದಲೇ ಹೋಯಿತೆಂದು ಸಾಬೀತುಪಡಿಸಲು ಆಗುವುದಿಲ್ಲ. ಆದರೆ ಆ ದಿನ ನಾನು ಅವನನ್ನು ಗಂಟಲ ದ್ರವದ ಪರೀಕ್ಷೆಗೆ ಕಳುಹಿಸಬೇಕಿತ್ತು, ಉಮ್ಮನಿಂದ ದೂರವಿರು ಎನ್ನಬೇಕಿತ್ತು. ಚೀಟಿಯನ್ನು ಅವನೂ ತಪ್ಪಾಗಿ ಓದಿದ, ನಾನೂ ತಪ್ಪಾಗಿ ಓದಿದೆ.

ಆಂಟಿಬಾಡಿ ಎಂದರೇನು?

ವೈರಾಣು ಒಳಹೊಕ್ಕಾಗ ದೇಹ ಅದನ್ನು ಹಿಡಿದು ನಿಲ್ಲಿಸಲು ತಯಾರಿಸುವ ಪ್ರೋಟೀನಿಗೆ ಆಂಟಿಬಾಡಿ, ಅಂದರೆ ಪ್ರತಿಕಾಯ ಎನ್ನುತ್ತಾರೆ. ಮೊದಲ ಬಾರಿ ಸೋಂಕಾದಾಗ ಐಜಿಎಂ ಎಂಬ ಬಗೆಯದು ಬೇಗ ಕಾಣಿಸಿಕೊಂಡು ಬೇಗ ಇಳಿಯುತ್ತದೆ. ಐಜಿಜಿ ಎಂಬುದು ಸಾಮಾನ್ಯವಾಗಿ ಎರಡು ಮೂರು ವಾರದಲ್ಲಿ ಗಟ್ಟಿಯಾಗಿ, ತಿಂಗಳುಗಟ್ಟಲೆ ಉಳಿದು, ನಿಧಾನವಾಗಿ ಕಡಿಮೆಯಾಗುತ್ತದೆ. ಒಮ್ಮೆ ಬಂದ ಕಾಯಿಲೆಯನ್ನು ದೇಹ ನೆನಪಿಡುತ್ತದೆ ಎಂಬ ವಿಚಾರ ನಮ್ಮ ಯುನಾನಿಗೆ ಹೊಸದಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಿಡುಬು ಮತ್ತು ದಡಾರದ ಬಗ್ಗೆ ಗ್ರಂಥ ಬರೆದ ಹಕೀಮ್ ಅಬೂಬಕರ್ ಅಲ್ ರಾಝಿ, ಸಿಡುಬು ಒಮ್ಮೆ ಬಂದವರಿಗೆ ಮತ್ತೆ ಯಾಕೆ ಬರುವುದಿಲ್ಲ ಎಂಬುದಕ್ಕೆ ಕಾರಣ ಹುಡುಕಿದ್ದರು. ಆದರೆ ಕೊರೊನಾ ಸಿಡುಬಿನಂತಲ್ಲ. ಅದು ರೂಪ ಬದಲಿಸಿಕೊಂಡು ಮತ್ತೆ ಬರುತ್ತದೆ.

ನಮ್ಮಲ್ಲೂ ಹೊರಗೂ ಕಂಡದ್ದು

ಎರಡನೇ ಬಾರಿ ಸೋಂಕು ಬರುತ್ತದೆ ಎಂಬುದಕ್ಕೆ ಮೊದಲ ಖಚಿತ ದಾಖಲೆ 2020ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್‌ನಿಂದ ಬಂತು. ಮಾರ್ಚ್‌ನಲ್ಲಿ ಸೋಂಕಾಗಿ ಗುಣವಾಗಿದ್ದ ವ್ಯಕ್ತಿಗೆ 142 ದಿನಗಳ ನಂತರ ಮತ್ತೆ ಪಾಸಿಟಿವ್ ಬಂತು. ಎರಡು ಸಲದ ವೈರಾಣುಗಳ ವಂಶವಾಹಿಯನ್ನು ಹೋಲಿಸಿದಾಗ ಅವು ಬೇರೆ ಬೇರೆ ಎಂದು ತಿಳಿಯಿತು.

ಮರುತಿಂಗಳೇ ಬೆಂಗಳೂರಿನ ಫೋರ್ಟಿಸ್ ಆಸ್ಪತ್ರೆ ಇಂಥದೇ ಒಂದು ಪ್ರಕರಣವನ್ನು ತಿಳಿಸಿತು. ಜುಲೈಯಲ್ಲಿ ಕೊರೊನಾದಿಂದ ಗುಣವಾಗಿ, ನೆಗೆಟಿವ್ ವರದಿಯೊಂದಿಗೆ ಮನೆಗೆ ಹೋಗಿದ್ದ ಯುವತಿಗೆ ಸುಮಾರು ಒಂದು ತಿಂಗಳಲ್ಲಿ ಮತ್ತೆ ಲಕ್ಷಣ ಕಾಣಿಸಿ ಪಾಸಿಟಿವ್ ಬಂದಿತ್ತು. ರಕ್ತದಲ್ಲಿ ನೋಡಿದರೆ ಐಜಿಜಿ ಇರಲಿಲ್ಲ. ಮೊದಲ ಸಲದ ಸೋಂಕಿನಿಂದ ಆಕೆಯಲ್ಲಿ ರಕ್ಷಣೆ ಬೆಳೆದಿರಲಿಕ್ಕಿಲ್ಲ ಎಂದು ವೈದ್ಯರು ವಿವರಿಸಿದರು. ಆದರೂ ಅಂತರ ಕಡಿಮೆಯಿದ್ದಾಗ ಹಳೆಯ ವೈರಾಣುವಿನ ಚೂರುಗಳೇ ಮತ್ತೆ ಪಾಸಿಟಿವ್ ತೋರಿಸುವುದುಂಟು. ಆದ್ದರಿಂದ ಐಸಿಎಂಆರ್ ಬಳಿಕ ಒಂದು ಅಳತೆ ಇಟ್ಟಿತು: ಎರಡು ಪಾಸಿಟಿವ್‌ಗಳ ನಡುವೆ ಕನಿಷ್ಠ 102 ದಿನ ಕಳೆದಿರಬೇಕು, ನಡುವೆ ಒಂದು ನೆಗೆಟಿವ್ ಬಂದಿರಬೇಕು. ಹೀಗೆ 1,300 ಜನರ ದಾಖಲೆ ನೋಡಿದಾಗ 58 ಮಂದಿ, ಅಂದರೆ ನೂರಕ್ಕೆ ನಾಲ್ಕೂವರೆಯಷ್ಟು, ಮರುಸೋಂಕಿನ ಲೆಕ್ಕಕ್ಕೆ ಬಂದರು.

ಆದರೆ ಪರೀಕ್ಷೆಗೇ ಹೋಗದವರ ಲೆಕ್ಕ? 2020ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಜಿಲ್ಲೆಜಿಲ್ಲೆಗಳಲ್ಲಿ ಸಮೀಕ್ಷೆ ನಡೆಸಿ ರಕ್ತದ ಆಂಟಿಬಾಡಿಯನ್ನೂ ಗಂಟಲ ದ್ರವವನ್ನೂ ನೋಡಿತು. ರಾಜ್ಯದ ಶೇ. 27.3ರಷ್ಟು ಜನರಿಗೆ, ಅಂದರೆ ಸುಮಾರು 1.93 ಕೋಟಿ ಮಂದಿಗೆ, ಸೋಂಕು ಆಗಲೇ ತಗುಲಿತ್ತು ಅಥವಾ ಹಿಂದೆ ಬಂದು ಹೋಗಿತ್ತು ಎಂದು ಅಂದಾಜಾಯಿತು. ಇವರಲ್ಲಿ ಬಹುಪಾಲು ಮಂದಿಗೆ ತಮಗೆ ಬಂದದ್ದೇ ಗೊತ್ತಿರಲಿಲ್ಲ. ಮೊದಲ ಸಲವೇ ಗೊತ್ತಾಗದವರಿಗೆ ಎರಡನೆಯದು ಗೊತ್ತಾಗುವುದು ಹೇಗೆ?

ಸೇತುವೆ ಕಂಬದ ಗುರುತು

ಇಲ್ಲಿ ಆಂಟಿಬಾಡಿ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಆದರೆ ಒಂದಲ್ಲ, ಎರಡು ಪರೀಕ್ಷೆ ಬೇಕು. ಘಟ್ಟದ ಹಳ್ಳಗಳಿಗೆ ಕಟ್ಟಿದ ಸೇತುವೆಗಳ ಕಂಬದ ಮೇಲೆ ನೀರಿನ ಮಟ್ಟ ನೋಡಲು ಗುರುತು ಬರೆದಿರುವುದನ್ನು ನೀವು ಕಂಡಿರಬಹುದು. ಒಂದು ದಿನ ನೋಡಿದರೆ ನೀರು ಎಷ್ಟಿದೆ ಎಂದಷ್ಟೇ ತಿಳಿಯುತ್ತದೆ, ಮಳೆ ಯಾವಾಗ ಬಂತು ಎಂದು ತಿಳಿಯುವುದಿಲ್ಲ. ಇಳಿಯುತ್ತಿದ್ದ ನೀರು ಮರುದಿನ ಏರಿದ್ದರೆ, ನಮ್ಮ ಮೇಲೆ ಹನಿ ಬೀಳದಿದ್ದರೂ, ಮೇಲಿನ ಕಾಡಿನಲ್ಲಿ ಮಳೆಯಾಗಿದೆ ಎಂದು ಅರ್ಥ.

ಆಂಟಿಬಾಡಿಯೂ ಹೀಗೆಯೇ. ಸೋಂಕಾದ ಕೆಲವು ತಿಂಗಳ ಮೇಲೆ ಅದರ ಮಟ್ಟ ಇಳಿಯುತ್ತಾ ಹೋಗಬೇಕು. ಉದಾಹರಣೆಗೆ, ಫೆಬ್ರವರಿಯಲ್ಲಿ 80 ಇದ್ದದ್ದು ಜೂನ್‌ನಲ್ಲಿ 50ಕ್ಕೆ ಇಳಿದಿದ್ದರೆ ಅದು ಸಹಜ. ನಡುವೆ ಲಸಿಕೆಯನ್ನೂ ಹಾಕಿಸಿಕೊಳ್ಳದೆ 400ಕ್ಕೆ ಏರಿದ್ದರೆ, ವೈರಾಣು ಮತ್ತೊಮ್ಮೆ ಒಳಬಂದಿತ್ತು ಎಂದು ತಿಳಿಯಬಹುದು. ದೆಹಲಿಯಲ್ಲಿ ಸಿಎಸ್‌ಐಆರ್ ವಿಜ್ಞಾನಿಗಳು ಇದೇ ಉಪಾಯ ಬಳಸಿದರು. ಡೆಲ್ಟಾ ಅಲೆಗೆ ಮೊದಲೇ ಸೋಂಕಾಗಿದ್ದ 91 ಮಂದಿಯ ರಕ್ತವನ್ನು ಅಲೆಯ ನಂತರ ಮತ್ತೆ ನೋಡಿದಾಗ ಶೇ. 27.5ರಷ್ಟು ಜನರಲ್ಲಿ ಆಂಟಿಬಾಡಿ ಏರಿತ್ತು. ಗಂಟಲ ದ್ರವದ ದಾಖಲೆ ಮಾತ್ರ ನೋಡಿದಾಗ ಸಿಕ್ಕಿದ ನಾಲ್ಕೂವರೆ ಎಲ್ಲಿ, ಇದು ಎಲ್ಲಿ! ಎರಡೂ ಬೇರೆ ಕಾಲದ, ಬೇರೆ ಜನರ ಲೆಕ್ಕ ನಿಜ. ಆದರೂ ಸದ್ದಿಲ್ಲದೆ ಬಂದು ಹೋಗುವ ಮರುಸೋಂಕು ಸಣ್ಣದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ನನ್ನಲ್ಲಿಗೆ ಬಂದ ಯುವಕನ ಕೈಯಲ್ಲಿ ಇದ್ದದ್ದು ಒಂದೇ ಚೀಟಿ, ಅದೂ ಕಾಯಿಲೆಯ ಎರಡನೇ ದಿನದ್ದು. ಅದು ತೋರಿಸಿದ್ದು ಹಿಂದಿನ ವರ್ಷದ ಸೋಂಕನ್ನು. ಅಂದು ಗಂಟಲಲ್ಲಿ ಏನಿತ್ತು ಎಂದು ಅದು ಹೇಳಲಾರದು.

ಚೀಟಿ ಓದುವಾಗ ಗಮನಿಸಿ

1. ಈಗ ಜ್ವರ, ಕೆಮ್ಮು ಇದ್ದರೆ ಆಂಟಿಬಾಡಿ ಪರೀಕ್ಷೆ ಬೇಡ. ಆರ್‌ಟಿಪಿಸಿಆರ್ ಅಥವಾ ರ್‍ಯಾಪಿಡ್ ಆಂಟಿಜೆನ್ ಪರೀಕ್ಷೆ ಮಾಡಿಸಿ. ಆಂಟಿಬಾಡಿ, ಆಂಟಿಜೆನ್ ಎಂಬ ಹೆಸರುಗಳು ಹತ್ತಿರವಿದ್ದರೂ ಕೆಲಸ ಬೇರೆ. ಆಂಟಿಜೆನ್ ಎಂದರೆ ವೈರಾಣುವಿನ ತುಣುಕು, ಆಂಟಿಬಾಡಿ ಎಂದರೆ ನಮ್ಮ ದೇಹದ ಉತ್ತರ.

2. 'ಎಸ್' ಅಥವಾ ಸ್ಪೈಕ್ ಆಂಟಿಬಾಡಿ ಸೋಂಕಿನಿಂದಲೂ ಬರುತ್ತದೆ, ಲಸಿಕೆಯಿಂದಲೂ ಬರುತ್ತದೆ. 'ಎನ್' ಆಂಟಿಬಾಡಿ ಕೋವಿಶೀಲ್ಡ್‌ನಿಂದ ಬರುವುದಿಲ್ಲ. ಹಾಗಾಗಿ ಕೋವಿಶೀಲ್ಡ್ ಮಾತ್ರ ಪಡೆದವರಲ್ಲಿ ಅದು ಕಂಡರೆ ಸೋಂಕಾಗಿತ್ತು ಎನ್ನಬಹುದು. ಕೋವ್ಯಾಕ್ಸಿನ್ ಇಡೀ ವೈರಾಣುವನ್ನು ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆ. ಅದನ್ನು ಪಡೆದವರಲ್ಲಿ ಈ ವ್ಯತ್ಯಾಸ ಹೇಳುವುದು ಕಷ್ಟ.

3. ಎರಡು ಸಲದ ಸಂಖ್ಯೆಗಳನ್ನು ಹೋಲಿಸಬೇಕಾದರೆ ಪರೀಕ್ಷೆಯ ವಿಧಾನ ಮತ್ತು ಯೂನಿಟ್ ಒಂದೇ ಆಗಿರಬೇಕು. ಸೇರಿನ ಲೆಕ್ಕವನ್ನು ಕಿಲೋ ಜೊತೆ ಹೋಲಿಸಬಾರದು.

4. 'ನೆಗೆಟಿವ್' ಎಂದರೆ ಸೋಂಕು ಬಂದೇ ಇಲ್ಲ ಎಂದಲ್ಲ. ಆಂಟಿಬಾಡಿ ಇಳಿದಿರಬಹುದು, ಸೌಮ್ಯವಾಗಿ ಬಂದವರಲ್ಲಿ ಕಡಿಮೆ ಹುಟ್ಟಿರಲೂಬಹುದು. 'ಪಾಸಿಟಿವ್' ಎಂದರೆ ಇನ್ನು ಬರುವುದೇ ಇಲ್ಲ ಎಂದೂ ಅಲ್ಲ.

5. ರಮಝಾನ್‌ನಲ್ಲಿ ಹಲವರು ಕೇಳುತ್ತಾರೆ: ಈ ಪರೀಕ್ಷೆಗೆ ಬೇಕಾಗುವುದು ಕೆಲವೇ ಮಿಲಿಲೀಟರ್ ರಕ್ತ, ಖಾಲಿ ಹೊಟ್ಟೆಯೂ ಬೇಕಿಲ್ಲ. ಇಫ್ತಾರ್ ನಂತರವೂ ಕೊಡಬಹುದು. ಉಪವಾಸದ ಮಸ್‌ಅಲಾವನ್ನು ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ.

ಜೋಶಾಂದಾದ ಬಗ್ಗೆಯೂ ಒಂದು ಮಾತು. ಬೇಹಿದಾನಾ, ಉನ್ನಾಬ್, ಸಪಿಸ್ತಾನ್ ಸೇರಿಸಿದ ಕಷಾಯ ಗಂಟಲಿಗೆ ಹಿತ, ನಾನೂ ಕೊಡುತ್ತೇನೆ. ಆದರೆ ಕಷಾಯ ಕುಡಿದದ್ದರಿಂದ ಆಂಟಿಬಾಡಿ ಏರಿತು ಎಂದು ಯಾರಾದರೂ ಚೀಟಿ ತೋರಿಸಿದರೆ ನಂಬಬೇಡಿ. ಏರಿದ್ದರೆ ಕಾರಣ ಸೋಂಕೋ ಲಸಿಕೆಯೋ ಇರುತ್ತದೆ. ಉಸಿರಾಟ ಕಷ್ಟವಾದರೆ, ಎದೆ ಬಿಗಿದರೆ, ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ ಕಷಾಯ ಕಾಯಿಸುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಹಾಗಾದರೆ ಸಾಮಾನ್ಯ ಕುಟುಂಬಕ್ಕೆ ಈ ಪರೀಕ್ಷೆ ಬೇಕೇ? ಹೆಚ್ಚಿನವರಿಗೆ ಬೇಕಿಲ್ಲ. ಅದರ ನಿಜವಾದ ಉಪಯೋಗ ಊರಿಗೆ ಊರನ್ನೇ ಅಳೆಯುವ ಸಮೀಕ್ಷೆಗೆ. ಅಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮೊದಲಾದವರಿಗೆ ಬೇಕೆನಿಸಿದರೆ ಅವರ ವೈದ್ಯರೇ ಹೇಳುತ್ತಾರೆ. ಉಳಿದವರು ಆ ಹಣದಲ್ಲಿ ಮನೆಯ ಹಿರಿಯರ ಸಕ್ಕರೆ, ರಕ್ತದೊತ್ತಡ ಪರೀಕ್ಷಿಸಿ. ಲಸಿಕೆಯ ದಿನಾಂಕ, ಸೋಂಕಾದ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಜ್ವರ ಇದ್ದವರು ಜುಮಾಕ್ಕೆ ಬರದೆ ಮನೆಯಲ್ಲೇ ಝುಹ್‌ರ್ ನಮಾಝ್ ಮಾಡಿದರೆ ಪಕ್ಕದ ಸಫ್‌ನ ವೃದ್ಧರಿಗೆ ಉಪಕಾರ.

ಆ ಯುವಕ ಈಗಲೂ ಬರುತ್ತಿರುತ್ತಾನೆ. ಮೈ ಬಿಸಿಯಾದರೆ ಉಮ್ಮನ ಮನೆಗೆ ಹೋಗುವ ಮೊದಲು ಫೋನ್ ಮಾಡುತ್ತಾನೆ. ಹೊರಗೆ ಸಾಲು ಎಷ್ಟೇ ಇರಲಿ, ಈಗ ನಾನು ಚೀಟಿಗೆ ಮೊದಲು ಕೇಳುವುದು ಎರಡು ಪ್ರಶ್ನೆ: ಲಕ್ಷಣ ಶುರುವಾಗಿ ಎಷ್ಟು ದಿನವಾಯಿತು? ಮನೆಯಲ್ಲಿ ವಯಸ್ಸಾದವರು ಯಾರಿದ್ದಾರೆ? ನೀವೂ ನಿಮ್ಮ ಮನೆಯಲ್ಲಿ ಇದನ್ನೇ ಕೇಳಿಕೊಳ್ಳಿ. ಅಲ್ಲಾಹನು ಎಲ್ಲರಿಗೂ ಆರೋಗ್ಯ ಕರುಣಿಸಲಿ, ಆಮೀನ್.