ಐಬಿಎಂಗೆ ಅವಸರ, ಗೇಮರ್‌ಗೆ ಅನುಕೂಲ

ಮೊಬೈಲ್ ಅಂಗಡಿಗೆ ಹೋಗಿ ‘ಪರದೆ ಆ ಕಂಪನಿಯದು, ಬ್ಯಾಟರಿ ಈ ಕಂಪನಿಯದು, ಕ್ಯಾಮೆರಾ ಇನ್ನೊಬ್ಬರದು ಹಾಕಿ ಕೊಡಿ’ ಎಂದು ಕೇಳುವವರಿಲ್ಲ. ಕೇಳಿದರೆ ಅಂಗಡಿಯವರು ಮುಖ ಮುಖ ನೋಡುತ್ತಾರೆ. ಟಿವಿ, ಫ್ರಿಜ್, ಲ್ಯಾಪ್‌ಟಾಪ್ ಯಾವುದರಲ್ಲೂ ಆ ಮಾತೇ ಇಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರ್ ಮಾತ್ರ ಬೇರೆ ಜಾತಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ, ಚೆನ್ನೈನ ರಿಚಿ ಸ್ಟ್ರೀಟಿನಲ್ಲೋ ತನ್ನ ಮೊದಲ ಗೇಮಿಂಗ್ ಪಿಸಿಗೆ ಕೊಟೇಷನ್ ಬರೆಸುವ ಹುಡುಗ ಅಮೆರಿಕದ ಪ್ರೊಸೆಸರ್, ತೈವಾನಿನ ಮದರ್‌ಬೋರ್ಡ್, ಕೊರಿಯಾದ ರ‍್ಯಾಮ್ ಎಂದು ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಸಂಜೆಯೊಳಗೆ ಅವೆಲ್ಲ ಒಂದೇ ಕ್ಯಾಬಿನೆಟ್ಟಿನಲ್ಲಿ ಸೇರಿ ಕೆಲಸ ಶುರುಮಾಡುತ್ತವೆ. ಗಿರಾಕಿಗೆ ಈ ಸೌಲಭ್ಯ ಕೊಡೋಣ ಎಂದು ಯಾರೂ ಕೂತು ಯೋಚಿಸಿದ್ದಲ್ಲ. ದೊಡ್ಡ ಕಂಪನಿಯೊಂದಕ್ಕೆ ಒಮ್ಮೆ ಅವಸರ ಬಿದ್ದಿತ್ತು, ಅಷ್ಟೇ.

1980ರಲ್ಲಿ ಐಬಿಎಂ ಎಂದರೆ ಬ್ಯಾಂಕು, ಸರ್ಕಾರಗಳಿಗೆ ಕೋಣೆ ತುಂಬುವ ಮೇನ್‌ಫ್ರೇಮ್ ಕೊಡುವ ಕಂಪನಿ. ಮೇಜಿನ ಮೇಲಿಡುವ ಪುಟ್ಟ ಕಂಪ್ಯೂಟರುಗಳನ್ನು ಆಪಲ್‌ನಂಥ ಹೊಸಬರು ಮಾರಿ ದುಡ್ಡು ಮಾಡುವುದನ್ನು ಕಂಡು, ವರ್ಷದೊಳಗೆ ತನ್ನದೂ ಒಂದು ಬರಬೇಕೆಂದು ಅದು ಹೊರಟಿತು. ಫ್ಲಾರಿಡಾದ ಬೋಕಾ ರಟಾನ್‌ನಲ್ಲಿ ಸಣ್ಣ ತಂಡವೊಂದು ಕೂತಿತು. ಡಾನ್ ಎಸ್ಟ್ರಿಜ್ ಅದರ ಮುಂದಾಳಾದರು. ಎಲ್ಲವನ್ನೂ ಮನೆಯಲ್ಲೇ ಮಾಡುತ್ತ ಕೂತರೆ ವರ್ಷದಲ್ಲಿ ಮುಗಿಯುವ ಮಾತಲ್ಲ. ಹಾಗಾಗಿ ಸಿಕ್ಕಿದ್ದನ್ನು ಹೊರಗಿನಿಂದ ತಂದರು. ಪ್ರೊಸೆಸರ್ ಇಂಟೆಲ್‌ನ 8088, ಆಪರೇಟಿಂಗ್ ಸಿಸ್ಟಮ್ ಮೈಕ್ರೋಸಾಫ್ಟ್‌ನದು, ಪ್ರಿಂಟರ್ ಎಪ್ಸನ್‌ನದು, ಫ್ಲಾಪಿ ಡ್ರೈವ್ ಭಾರತ ಮೂಲದ ಜುಗಿ ಟಂಡನ್ ಕಟ್ಟಿದ ಕಂಪನಿಯದು. 1981ರ ಆಗಸ್ಟ್ 12ರಂದು ನ್ಯೂಯಾರ್ಕಿನಲ್ಲಿ ಐಬಿಎಂ ಪಿಸಿ ಹೊರಬಂತು. ಬೆಲೆ 1,565 ಡಾಲರಿನಿಂದ ಶುರು. ಒಳಗೆ ಹೆಚ್ಚುವರಿ ಕಾರ್ಡ್ ಸಿಕ್ಕಿಸಲು ಐದು ಸ್ಲಾಟ್. ಬೇರೆಯವರು ಆ ಸ್ಲಾಟುಗಳಿಗೆ ಕಾರ್ಡ್ ಮಾಡಿಕೊಳ್ಳಲಿ ಎಂದು ಸರ್ಕ್ಯೂಟ್ ನಕ್ಷೆಗಳಿರುವ ಕೈಪಿಡಿಯನ್ನೂ ಕಂಪನಿಯೇ ಅಚ್ಚು ಹಾಕಿಸಿ ಮಾರಿತು.

ತನ್ನದೆಂದು ಕಾಪಾಡಿಕೊಂಡದ್ದು ಒಂದೇ, ಬಯೋಸ್. ಯಂತ್ರಕ್ಕೆ ಜೀವ ಬಂದ ಕೂಡಲೇ ಓಡುವ ಆ ಪುಟ್ಟ ಪ್ರೋಗ್ರಾಮಿನ ಸಾಲುಗಳನ್ನೂ ಕೈಪಿಡಿಯಲ್ಲೇ ಕೊಟ್ಟಿದ್ದರು. ಇದು ಔದಾರ್ಯದಂತೆ ಕಂಡರೂ ಒಳ್ಳೆಯ ಬಲೆ. ಓದಿದವನು ಅದರಂತೆಯೇ ಇನ್ನೊಂದು ಬರೆದರೆ ಕೃತಿಸ್ವಾಮ್ಯದ ಮೊಕದ್ದಮೆ ಕಾದಿರುತ್ತಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದ ರಾಡ್ ಕ್ಯಾನಿಯನ್, ಜಿಮ್ ಹ್ಯಾರಿಸ್, ಬಿಲ್ ಮುರ್ಟೊ ಎಂಬ ಮೂವರು 1982ರಲ್ಲಿ ಹ್ಯೂಸ್ಟನ್‌ನಲ್ಲಿ ಕಾಂಪ್ಯಾಕ್ ಕಟ್ಟಿದಾಗ ಈ ಬಲೆಯನ್ನು ದಾಟಿದ ಬಗೆ ಸೊಗಸಾಗಿದೆ. ಒಂದು ಗುಂಪು ಬಯೋಸ್ ಏನೇನು ಮಾಡುತ್ತದೆ ಎಂದು ಮಾತಿನಲ್ಲಿ ಪಟ್ಟಿ ಮಾಡಿತು. ಐಬಿಎಂ ಬರೆದದ್ದನ್ನು ಕಣ್ಣಿನಿಂದಲೂ ಕಾಣದ ಇನ್ನೊಂದು ಗುಂಪು ಆ ಪಟ್ಟಿ ಹಿಡಿದು ಹೊಸದಾಗಿ ಬರೆಯಿತು. ಕೆಲಸ ಒಂದೇ, ಬರಹ ಬೇರೆ. ಕೋರ್ಟಿಗೆ ಎಳೆಯಲು ಐಬಿಎಂಗೆ ದಾರಿ ಉಳಿಯಲಿಲ್ಲ. 1983ರಲ್ಲಿ, ಮೊದಲ ವರ್ಷವೇ, ಕಾಂಪ್ಯಾಕ್ 11.1 ಕೋಟಿ ಡಾಲರ್ ವ್ಯಾಪಾರ ಮಾಡಿತು. ಮರುವರ್ಷ ಫೀನಿಕ್ಸ್ ಎಂಬ ಕಂಪನಿ ಇದೇ ರೀತಿ ಬರೆದ ಬಯೋಸನ್ನು ಬೇಕೆಂದವರಿಗೆಲ್ಲ ಮಾರತೊಡಗಿತು. ಅಲ್ಲಿಗೆ ಬೀಗ ಮುರಿಯಿತು.

ಐಬಿಎಂ ಸುಮ್ಮನಿರಲಿಲ್ಲ. 1987ರಲ್ಲಿ ಪಿಎಸ್/2 ಎಂಬ ಹೊಸ ಸರಣಿ ತಂದು, ಅದರ ಸ್ಲಾಟಿನ ವಿನ್ಯಾಸ ಬಳಸುವವರು ತನಗೆ ರಾಯಲ್ಟಿ ಕಟ್ಟಬೇಕೆಂದಿತು. ಕಾಂಪ್ಯಾಕ್ ಮುಂದಾಳುತನದಲ್ಲಿ ಒಂಬತ್ತು ಕಂಪನಿಗಳು ಒಟ್ಟಾಗಿ ಬೇರೆಯೇ ಸ್ಲಾಟ್ ಘೋಷಿಸಿದವು. ಜಗಳದಲ್ಲಿ ಎರಡೂ ಸ್ಲಾಟುಗಳು ಸತ್ತು, ಇಂಟೆಲ್‌ನ ಪಿಸಿಐ ಗೆದ್ದಿತು. ಇಂದಿಗೂ ಕೆಲವು ಮದರ್‌ಬೋರ್ಡುಗಳ ಹಿಂಬದಿಯಲ್ಲಿ ಕೀಬೋರ್ಡಿಗೆಂದು ದುಂಡನೆಯ ಪಿಎಸ್/2 ಕಿಂಡಿ ಇರುತ್ತದೆ. ಆ ಯುದ್ಧದಲ್ಲಿ ಐಬಿಎಂಗೆ ಉಳಿದ ನೆಲ ಅಷ್ಟೇ. ಪಿಸಿ ವ್ಯಾಪಾರವನ್ನೇ ಅದು 2005ರಲ್ಲಿ ಲೆನೊವೊಗೆ ಮಾರಿಬಿಟ್ಟಿತು.

ಬಿಡಿಭಾಗ ಸಿಗುತ್ತವೆ ಎಂದ ಮಾತ್ರಕ್ಕೆ ಜೋಡಿಸುವುದು ಸುಲಭವಾಗಿರಲಿಲ್ಲ. ಕರೆಂಟು ಪೂರೈಸುವ ಎಸ್‌ಎಂಪಿಎಸ್‌ನಿಂದ ಮದರ್‌ಬೋರ್ಡಿಗೆ ಎರಡು ಬೇರೆ ಬೇರೆ ಕನೆಕ್ಟರ್ ಹೋಗುತ್ತಿದ್ದವು. ನೋಡಲು ಒಂದೇ ಥರ. ಎರಡರ ಕಪ್ಪು ತಂತಿಗಳೂ ನಡುವೆ ಅಕ್ಕಪಕ್ಕ ಬರುವಂತೆ ಕೂರಿಸಬೇಕು. ಅದಲುಬದಲಾದರೆ ಬೋರ್ಡ್ ಸುಟ್ಟಿತೆಂದೇ ಲೆಕ್ಕ. ಗೋಡೆಯ ಕರೆಂಟು ನೇರ ಕ್ಯಾಬಿನೆಟ್ಟಿನ ಮುಂದಿನ ಗುಂಡಿಗೇ ಬರುತ್ತಿತ್ತು. ಉದ್ದದ ಕಾರ್ಡ್ ಹಾಕಹೋದರೆ ಪ್ರೊಸೆಸರ್ ಫ್ಯಾನಿಗೆ ತಗಲುತ್ತಿತ್ತು. ಯಾವ ಕಾರ್ಡಿಗೆ ಯಾವ ಇಂಟರಪ್ಟ್ ಸಂಖ್ಯೆ ಎಂದು ಜಂಪರ್ ಕಿತ್ತು ಹಾಕಿ ಹೊಂದಿಸಬೇಕಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಪಟ್ಟಿ ಪ್ರಕಟಿಸಿದಾಗ ಈ ಪಾಡಿನ ಬಹುಭಾಗ ತಪ್ಪಿತು. ಬೋರ್ಡನ್ನು ತೊಂಬತ್ತು ಡಿಗ್ರಿ ತಿರುಗಿಸಿ ಪ್ರೊಸೆಸರನ್ನು ಕಾರ್ಡುಗಳ ದಾರಿಯಿಂದ ಆಚೆ ಇಟ್ಟರು. ತಪ್ಪಾಗಿ ಕೂರಲು ಬಾರದ ಒಂದೇ ಕನೆಕ್ಟರ್ ಕೊಟ್ಟರು. ತಿರುಪು ಹಾಕುವ ತೂತುಗಳು ಎಲ್ಲೆಲ್ಲಿರಬೇಕೆಂದೂ ಬರೆದರು. 305 ಮಿಲಿಮೀಟರ್ ಉದ್ದ, 244 ಅಗಲ. ಮೂವತ್ತು ವರ್ಷವಾದರೂ ಪೂರ್ಣ ಗಾತ್ರದ ಬೋರ್ಡಿನ ಅಳತೆ ಇದೇ. ಗೇಮಿಂಗ್ ಪಿಸಿಯ ಚರಿತ್ರೆ ಬರೆಯುವವರು ಗ್ರಾಫಿಕ್ಸ್ ಕಾರ್ಡನ್ನು ಹಾಡಿ ಹೊಗಳುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲ ನಮಸ್ಕಾರ ಸಲ್ಲಬೇಕಾದ್ದು ಈ ನೀರಸ ಅಳತೆಪಟ್ಟಿಗೆ.

ಇಷ್ಟರಲ್ಲಿ ಆಟಗಳು ಯಂತ್ರವನ್ನು ಮೀರಿ ಬೆಳೆಯುತ್ತಿದ್ದವು. 1996ರ ಜೂನ್‌ನಲ್ಲಿ ಐಡಿ ಸಾಫ್ಟ್‌ವೇರ್‌ನ ‘ಕ್ವೇಕ್’ ಬಂತು. ಅದರ ಮೂರು ಆಯಾಮದ ಗೋಡೆಗಳನ್ನು ಸರಿಯಾದ ಕೋನದಲ್ಲಿ ಚಿತ್ರಿಸಲು ದಶಮಾಂಶದ ಭಾಗಾಕಾರ ಬೇಕು. ಅದನ್ನು ಇಂಟೆಲ್ ಪೆಂಟಿಯಂ ಬೇರೆ ಲೆಕ್ಕಗಳ ಜೊತೆಜೊತೆಗೇ ಮಾಡಿಕೊಳ್ಳುತ್ತಿತ್ತು. ಆಫೀಸು ಕೆಲಸದಲ್ಲಿ ಪೆಂಟಿಯಮ್ಮಿಗೆ ಸರಿಸಮನಾಗಿದ್ದ, ಅಗ್ಗವೂ ಆಗಿದ್ದ ಸೈರಿಕ್ಸ್ ಪ್ರೊಸೆಸರ್ ಕ್ವೇಕ್ ಮುಂದೆ ಮಂಡಿಯೂರಿತು. ಒಂದೇ ಒಂದು ಆಟದಿಂದ ಒಂದು ಪ್ರೊಸೆಸರಿನ ಹೆಸರು ಕೆಟ್ಟಿತು. ‘ಯಾವ ಆಟ ಆಡ್ತೀಯಾ?’ ಎಂಬ ಪ್ರಶ್ನೆ ಕೊಟೇಷನ್ನಿನ ತಲೆಬರಹವಾದದ್ದು ಆಗಿನಿಂದ.

ಅದೇ ವರ್ಷದ ಕೊನೆಗೆ 3ಡಿಎಫ್‌ಎಕ್ಸ್‌ನ ವೂಡೂ ಬಂತು. ಸಿಲಿಕಾನ್ ಗ್ರಾಫಿಕ್ಸ್‌ನಲ್ಲಿ ಪಳಗಿದ ಎಂಜಿನಿಯರುಗಳು ಮಾಡಿದ ಈ ಕಾರ್ಡಿನಲ್ಲಿದ್ದದ್ದು 4 ಎಂಬಿ ಮೆಮೊರಿ. ಮೂರು ಆಯಾಮದ ಚಿತ್ರ ಬಿಟ್ಟು ಬೇರೇನೂ ಅದಕ್ಕೆ ಬಾರದು. ಮಾಮೂಲಿ ಪರದೆಗೆ ಇನ್ನೊಂದು ಕಾರ್ಡ್ ಇರಲೇಬೇಕು, ಎರಡನ್ನೂ ಹಿಂಬದಿಯಿಂದ ಕೇಬಲ್ಲಿನಲ್ಲಿ ಜೋಡಿಸಬೇಕು. ಆ ವರ್ಷ ಮೆಮೊರಿ ಚಿಪ್ಪುಗಳ ಬೆಲೆ ಕುಸಿದದ್ದರಿಂದಲೇ ಇಂಥ ಕಾರ್ಡ್ ಮನೆ ಬಳಕೆಯವರ ಕೈಗೆ ಎಟುಕಿತು. 1997ರ ಜನವರಿಯಲ್ಲಿ ವೂಡೂಗೆ ಹೊಂದುವ ಕ್ವೇಕ್ ಬಂದಾಗ, ಚೌಕ ಚೌಕವಾಗಿ ಒಡೆದು ಕಾಣುತ್ತಿದ್ದ ಗೋಡೆಗಳು ನುಣುಪಾದವು. ಆಟ ಆಡಲೆಂದೇ ಬೇರೆ ಕಾರ್ಡ್ ಕೊಳ್ಳುವ ಚಟ ಹತ್ತಿತು.

ಇಂದು ಕಾರ್ಡಿನ ಡಬ್ಬಿಯ ಮೇಲೆ ಎರಡೆರಡು ಹೆಸರಿರುವುದೇಕೆ ಎಂದು ಹೊಸಬರು ಕೇಳುತ್ತಾರೆ. ಚಿಪ್ ಎನ್‌ವಿಡಿಯಾದ್ದು ಅಥವಾ ಎಎಂಡಿಯದ್ದು. ಬೋರ್ಡ್, ಫ್ಯಾನು, ವಾರಂಟಿ ಎಲ್ಲ ಏಸಸ್, ಎಂಎಸ್‌ಐ, ಗಿಗಾಬೈಟ್, ಜೋಟ್ಯಾಕ್‌ನಂಥವರದು. ವೂಡೂ ಕೂಡ ಹೀಗೇ ಮಾರಾಟವಾಗಿತ್ತು. ಪೂರಾ ಲಾಭ ತನಗೇ ಬರಲಿ ಎಂದು 3ಡಿಎಫ್‌ಎಕ್ಸ್ 1998ರ ಡಿಸೆಂಬರ್‌ನಲ್ಲಿ ಎಸ್‌ಟಿಬಿ ಎಂಬ ಕಾರ್ಡ್ ತಯಾರಕರನ್ನು ಕೊಳ್ಳಲು ಹೊರಟಿತು. ಉಳಿದ ತಯಾರಕರು ಮುನಿಸಿಕೊಂಡು ಎನ್‌ವಿಡಿಯಾದ ಬಾಗಿಲು ತಟ್ಟಿದರು. 1999ರಲ್ಲಿ ಎನ್‌ವಿಡಿಯಾ ಜಿಫೋರ್ಸ್ 256 ತಂದಿತು. 2000ದ ಡಿಸೆಂಬರ್‌ನಲ್ಲಿ 3ಡಿಎಫ್‌ಎಕ್ಸ್‌ನ ಆಸ್ತಿಯನ್ನು ಕೊಳ್ಳುವ ಒಪ್ಪಂದಕ್ಕೂ ಅದೇ ಸಹಿ ಹಾಕಿತು.

ಪ್ರೊಸೆಸರ್ ಕಡೆಯಲ್ಲೂ ಒಂದು ತಮಾಷೆಯ ಕಥೆಯಿದೆ. 1998ರ ಆಗಸ್ಟ್‌ನಲ್ಲಿ ಇಂಟೆಲ್ ಬಿಟ್ಟ ಸೆಲೆರಾನ್ 300ಎ ಬಡವರ ಪ್ರೊಸೆಸರ್. ದುಬಾರಿ ಪೆಂಟಿಯಂ 2ರಲ್ಲಿ 512 ಕೆಬಿ ಕ್ಯಾಶ್ (ದತ್ತಾಂಶವನ್ನು ಕೈಗೆಟುಕುವಂತೆ ಇಟ್ಟುಕೊಳ್ಳುವ ಪುಟ್ಟ ಮೆಮೊರಿ) ಇತ್ತು, ಆದರೆ ಅದು ಹೊರಗೆ ಕೂತು ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನ್‌ನಲ್ಲಿದ್ದದ್ದು ಬರೀ 128 ಕೆಬಿ. ಅದು ಪ್ರೊಸೆಸರಿನ ಒಡಲಲ್ಲೇ ಪೂರ್ತಿ ವೇಗದಲ್ಲಿ ಓಡುತ್ತಿತ್ತು. ಮದರ್‌ಬೋರ್ಡಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಜ್‌ಗೆ ಏರಿಸಿದರೆ 300ರ ಪ್ರೊಸೆಸರ್ 450ರಲ್ಲಿ ಓಡಿ, ಹಲವು ಪಟ್ಟು ಬೆಲೆಯ ಅಣ್ಣನಿಗೆ ಸಮನಾಗುತ್ತಿತ್ತು. ಆಟಕ್ಕೆ ಬೇಕಾದ ದತ್ತಾಂಶ ಹತ್ತಿರ, ಬೇಗ ಸಿಗುವಂತಿರಬೇಕು ಎಂಬ ಪಾಠವನ್ನೇ ಎಎಂಡಿ 2022ರ ರೈಜನ್ 7 5800ಎಕ್ಸ್3ಡಿಯಲ್ಲಿ ದೊಡ್ಡದಾಗಿ ಬಳಸಿತು. ಪ್ರೊಸೆಸರಿನ ಮೇಲೆ ಇನ್ನೊಂದು ಪದರ ಕ್ಯಾಶ್ ಪೇರಿಸಿ ಒಟ್ಟು 96 ಎಂಬಿ ಮಾಡಿತು. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಆ ಪದರ ಕೆಳಕ್ಕೆ ಹೋಯಿತು. ಬಿಸಿಯಾಗುವ ಭಾಗ ಮೇಲೆ ಕೂಲರಿಗೆ ತಾಗಿ ಕೂತದ್ದರಿಂದ ವೇಗ ಏರಿಸಲು ಸಾಧ್ಯವಾಯಿತು. ಎಂಟೇ ಕೋರ್ ಇರುವ ಈ ಪ್ರೊಸೆಸರ್ ಆಟದಲ್ಲಿ ಆ ಪದರವಿಲ್ಲದ ಹದಿನಾರು ಕೋರಿನವನ್ನು ಹಿಂದಿಕ್ಕುವುದು ಇದೇ ಕಾರಣಕ್ಕೆ. ವಿಡಿಯೊ ಎಡಿಟಿಂಗ್ ಮಾಡುವವರಿಗೆ ಈ ಲೆಕ್ಕ ಬೇರೆ.

ಎಟಿಎಕ್ಸ್ ಕೊಟ್ಟ ನೆಮ್ಮದಿಗೆ ಈಚೆಗೆ ಪೆಟ್ಟು ಬಿದ್ದಿರುವುದು ಕರೆಂಟಿನ ಕಡೆಯಿಂದ. ಈಗಿನ ಸ್ಲಾಟ್ ಕಾರ್ಡಿಗೆ ಕೊಡುವುದು 75 ವ್ಯಾಟ್. 2022ರ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಎಳೆದದ್ದು 450, 2025ರ 5090 ಎಳೆಯುವುದು 575. ಇಷ್ಟನ್ನೂ ಬೆರಳಗಲದ ಒಂದು ಹೊಸ ಕನೆಕ್ಟರಿನಲ್ಲಿ ಹರಿಸಹೋಗಿ, 4090 ಬಂದ ತಿಂಗಳಲ್ಲೇ ಕನೆಕ್ಟರ್ ಕರಗಿದ ಚಿತ್ರಗಳು ಓಡಾಡಿದವು. ಪ್ಲಗ್ ಪೂರ್ತಿ ಒಳಗೆ ಕೂತಿರದಿದ್ದರೆ ಹೀಗಾಗುತ್ತದೆ ಎಂದು ಎನ್‌ವಿಡಿಯಾ ಹೇಳಿತು. ಕನೆಕ್ಟರಿನ ವಿನ್ಯಾಸವೂ ಆಮೇಲೆ ಬದಲಾಯಿತು. ತಪ್ಪಾಗಿ ಕೂರಲೇಬಾರದು ಎಂದು 1995ರಲ್ಲಿ ಕಲಿತದ್ದನ್ನು ಉದ್ಯಮ ಅರ್ಧ ಮರೆತಿತ್ತು ಎನ್ನದೆ ವಿಧಿಯಿಲ್ಲ.

ಮೊದಲ ಸಲ ಕಟ್ಟಿಸುವವರು ಹೆಚ್ಚಾಗಿ ಎಡವುವುದು ಈ ಕರೆಂಟಿನ ವಿಷಯದಲ್ಲೇ. ಕಾರ್ಡಿಗೆ ಲಕ್ಷ ಸುರಿದು, ಬಜೆಟ್ ಮೀರಿತೆಂದು ಎಸ್‌ಎಂಪಿಎಸ್‌ನಲ್ಲಿ ಎರಡು ಸಾವಿರ ಉಳಿಸುತ್ತಾರೆ. ಡಬ್ಬಿಯ ಮೇಲಿನ ‘80 ಪ್ಲಸ್ ಗೋಲ್ಡ್’ ಹೇಳುವುದು ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದನ್ನು ಮಾತ್ರ. ಏನಾದರೂ ಎಡವಟ್ಟಾದಾಗ ಉಳಿದ ಭಾಗಗಳನ್ನು ಅದು ಕಾಯುತ್ತದೆಯೇ ಎಂಬುದಕ್ಕೆ ಆ ಮುದ್ರೆಯಲ್ಲಿ ಉತ್ತರವಿಲ್ಲ. ನಮ್ಮ ಊರುಗಳ ಕರೆಂಟಿಗೆ ಯುಪಿಎಸ್ಸೂ ಒಂದು ಬಿಡಿಭಾಗವೆಂದೇ ಎಣಿಸಬೇಕು. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅಗ್ಗದ ಯುಪಿಎಸ್‌ಗಳ ಒರಟು ಅಲೆಯನ್ನು ಒಪ್ಪದೆ, ಕರೆಂಟು ಹೋದ ಕ್ಷಣವೇ ಆರಿಹೋಗುತ್ತವೆ. ‘ಪ್ಯೂರ್ ಸೈನ್ ವೇವ್’ ಎಂದು ಬರೆದದ್ದನ್ನು ಕೇಳಿ ತನ್ನಿ.

ಇನ್ನು ಆರಿಸುವ ಕ್ರಮ. ಕಾರ್ಡಿನಿಂದ ಶುರುಮಾಡುವುದು ಎಲ್ಲರ ಅಭ್ಯಾಸ. ನಾನು ಮಾನಿಟರಿನಿಂದ ಎನ್ನುತ್ತೇನೆ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕಿ, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಕಾರ್ಡಿನ ದುಡಿಮೆ ಈ ಸಂಖ್ಯೆಯ ಜೊತೆ ಏರುತ್ತದೆ. ಪ್ರೊಸೆಸರಿನ ದುಡಿಮೆ ಚುಕ್ಕಿಗಳಿಗಿಂತ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನು ಅವಲಂಬಿಸಿದೆ. 60 ಫ್ರೇಮಿಗೆ ಒಂದೊಂದಕ್ಕೂ 16.7 ಮಿಲಿಸೆಕೆಂಡ್ ಸಮಯವಿದ್ದರೆ, 144ಕ್ಕೆ 6.9 ಮಾತ್ರ. ಕೆರೆ ಎಷ್ಟೇ ತುಂಬಿರಲಿ, ಗದ್ದೆಗೆ ಬರುವ ನೀರು ತೂಬಿನಷ್ಟೇ. ಹಳೆಯ 1080ಪಿ, 60 ಹರ್ಟ್ಜ್ ಮಾನಿಟರಿಗೆ 5090 ಜೋಡಿಸುವವರು ಕೆರೆಗೆ ದುಡ್ಡು ಹಾಕಿ ತೂಬನ್ನು ಮರೆತವರು. ಬಣ್ಣದ ದೀಪಗಳ ಬಗ್ಗೆ ನನ್ನ ತಕರಾರಿಲ್ಲ, ಉಳಿದದ್ದೆಲ್ಲ ಮುಗಿದ ಮೇಲೆ ದುಡ್ಡು ಮಿಕ್ಕಿದ್ದರೆ.

ಬಿಡಿಭಾಗಗಳ ಪಟ್ಟಿಯಲ್ಲಿ ಸದ್ಯ ನೋವು ಕೊಡುತ್ತಿರುವುದು ರ‍್ಯಾಮ್. ಎಐ ದತ್ತಾಂಶ ಕೇಂದ್ರಗಳ ಬೇಡಿಕೆಗೆ 2025ರ ಕೊನೆಯಲ್ಲಿ ಡಿಡಿಆರ್5 ಬೆಲೆ ಕೆಲವೇ ತಿಂಗಳಲ್ಲಿ ಎರಡು ಪಟ್ಟು ದಾಟಿತು. ಆ ಡಿಸೆಂಬರ್‌ನಲ್ಲಿ ಮೆಮೊರಿ ತಯಾರಕ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಬಿಡಿ ಮಾರಾಟವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ದೊಡ್ಡ ಗಿರಾಕಿ ಬಂದಾಗ ಬಿಡಿಭಾಗ ಕೊಳ್ಳುವವರಿಗೆ ಕೊನೆಯ ಸಾಲು. ಎಎಂಡಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ 2023ರ ನವೆಂಬರ್‌ನಿಂದ ನಮ್ಮ ಬೆಂಗಳೂರಿನಲ್ಲೇ ಇದೆ. ಆದರೆ ಊರಿನಲ್ಲಿ ಎಂಜಿನಿಯರುಗಳಿದ್ದಾರೆಂದು ಎಸ್‌ಪಿ ರಸ್ತೆಯಲ್ಲಿ ರಿಯಾಯಿತಿ ಸಿಗುವುದಿಲ್ಲ.

ಜೋಡಿಸಿದ ಪಿಸಿಗೆ ಒಟ್ಟಾರೆ ಒಂದು ವಾರಂಟಿ ಎಂಬುದಿಲ್ಲ, ಇದನ್ನು ಮರೆಯಬೇಡಿ. ಡಬ್ಬಿಯ ಪ್ರೊಸೆಸರಿಗೆ ಸಾಮಾನ್ಯವಾಗಿ 3 ವರ್ಷ, ಉತ್ತಮ ಎಸ್‌ಎಂಪಿಎಸ್‌ಗಳಿಗೆ 10 ವರ್ಷದವರೆಗೂ ಇರುತ್ತದೆ. ಕೆಟ್ಟರೆ ಒಂದೊಂದನ್ನೂ ಅದರದರ ಕಂಪನಿಯ ಸರ್ವಿಸ್ ಸೆಂಟರಿಗೆ ನೀವೇ ಒಯ್ಯಬೇಕು. ಪ್ರತಿ ಭಾಗದ ಸೀರಿಯಲ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ಡಬ್ಬಿಗಳನ್ನು ಎಸೆಯಬೇಡಿ.